ರಾಜಿ ಅಯ್ಯನವರ ಮೀನುಗಳು

ಸೇಡಂ ಪೇಟೆಯಲ್ಲಿ ಗಂಡ ಹೆಂಡತಿ ಹೊಡೆದಾಡಿಕೊಂಡರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಮೊದಲು ರೇವಣಸಿದ್ದಯ್ಯನವರ ಕಟ್ಟೆ ಹತ್ತುವುದು ರೂಢಿ. ಆಡಕಿಯಲ್ಲಿ ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದ ಈ ಮನುಷ್ಯನ ಹುದ್ದೆಯನ್ನು ಜನ ಮರೆತು ಯಾವ ಕಾಲವಾಯಿತೋ, ಎಲ್ಲರ ಬಾಯಲ್ಲೂ ಅವರು ‘ರಾಜಿ ಅಯ್ಯನೋರು’. ಅವರ ರಾಜಿಗೆ ಅವರದೇ ಒಂದು ಪದ್ಧತಿ ಇತ್ತು. ಮುನಿಸಿಕೊಂಡ ಇಬ್ಬರನ್ನೂ ತಮ್ಮ ಮನೆಯ ಎರಡು ಕೋಣೆಗಳಲ್ಲಿ ಬೇರೆ ಬೇರೆ ಕೂಡಿಸುವುದು, ನಡುವಿನ ಬಾಗಿಲಿಗೆ ತೆಳ್ಳನೆಯ ಪರದೆ ಇಳಿಬಿಡುವುದು. ಅವನ ಕೆಮ್ಮು ಅವಳಿಗೆ ಕೇಳಬೇಕು, ಅವಳ ಬಳೆಯ ಸದ್ದು ಅವನಿಗೆ ಕೇಳಬೇಕು, ಕೈಗೆ ಮಾತ್ರ ಸಿಗಬಾರದು. ಸಿಟ್ಟು ಇಳಿಯಿತು ಅನಿಸಿದಾಗ ಪರದೆ ಸರಿಸಿ, ಇಬ್ಬರಿಗೂ ಒಂದೇ ತಾಟಿನಲ್ಲಿ ಹೋಳಿಗೆ ಬಡಿಸಿ, ಹೆಣ್ಣಿಗೆ ಉಡಿ ತುಂಬಿ ಗಂಡನ ಹಿಂದೆ ಕಳಿಸಿಬಿಡುವುದು. ಕಳಿಸುವಾಗ, “ಹೊಂದ್ಕೊಂಡು ಹೋಗು ತಾಯಿ” ಎನ್ನುವರು.

“ನಾ ಕಳಿಸಿದ ಹೆಣ್ಣುಮಗಳು ಒಬ್ಬಾಕಿನೂ ಹೊಳ್ಳಿ ಬಂದಿಲ್ಲ ನೋಡ್ರಿ” ಎಂದು ಅಯ್ಯನವರು ಎದೆಯುಬ್ಬಿಸಿ ಹೇಳುತ್ತಿದ್ದರು. ಅಲ್ಲ ಸ್ವಾಮಿ, ಒಂದು ಸಲ ಕಳಿಸಿದವರ ಬಾಗಿಲಿಗೆ ಮತ್ತೆ ಯಾಕೆ ಬಂದಾರು? ಅದನ್ನು ಕೇಳುವ ಧೈರ್ಯ ಊರಿಗಿರಲಿಲ್ಲ, ಕೇಳಿಕೊಳ್ಳುವ ಚಟ ಅಯ್ಯನವರಿಗಿರಲಿಲ್ಲ.

ಇಂಥವರ ಸ್ವಂತ ಮಗಳು ಭಾಗ್ಯಜ್ಯೋತಿ ಗಂಡನ ಮನೆಯಿಂದ ಮೂರನೆಯ ಸಲ ತವರಿಗೆ ಬಂದಳು. ಗಂಡ ಸಂಗಮೇಶ್ವರನಿಗೆ ಚಿಂಚೋಳಿಯ ಮಗ್ಗುಲಲ್ಲಿರುವ ಚಂದಾಪುರದಲ್ಲಿ ಸಿಮೆಂಟಿನ ಅಂಗಡಿ. ಹೊರಗಿನವರ ಮುಂದೆ ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ. ಮೊದಲ ಸಲ ಬಂದಾಗ ಅವಳ ತುಟಿ ಒಡೆದಿತ್ತು. ಬಾಗಿಲು ಬಡಿಯಿತು ಅಂದಳು. ಅಯ್ಯನವರು ನಂಬಿದರು, ನಂಬುವುದು ಅನುಕೂಲವಾಗಿತ್ತು. ಎರಡನೆಯ ಸಲ ಅವಳ ಬೆನ್ನಿಗೆ ಎಣ್ಣೆ ಹಚ್ಚುವಾಗ ತಾಯಿ ಮಹಾದೇವಮ್ಮ ಅತ್ತದ್ದು ಅವರ ಕಿವಿಗೆ ಬಿತ್ತು. ಆಗಲೂ ಪರದೆ, ಹೋಳಿಗೆ, ಉಡಿ. ಈ ಸಲ ಎಡಗೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡು, ಬಲಗೈಯಲ್ಲಿ ಮಗಳು ಐಶ್ವರ್ಯಳನ್ನು ಹಿಡಿದುಕೊಂಡು ಬಸ್ಸಿನಿಂದ ಇಳಿದಳು. ಒಂದನೇ ಕ್ಲಾಸಿನ ಹುಡುಗಿ. ಸಿಡಿಲು ಬಡಿದವರ ಹಾಗೆ ಸುಮ್ಮನಿದ್ದಳು.

ಅಯ್ಯನವರು ಮಗಳ ಕೈ ನೋಡಿದರು. ಅವರಿಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳಾದೀತು, ಆ ದಿನ ಊಟ ಸೇರಲಿಲ್ಲ. ಆದರೆ ಊರಿನ ಹೆಣ್ಣುಮಕ್ಕಳನ್ನೆಲ್ಲ ಕಳಿಸಿದವನು ತನ್ನ ಮಗಳನ್ನು ಮಾತ್ರ ಇಟ್ಟುಕೊಂಡರೆ ಜನ ಏನಂದಾರು ಎಂಬ ಹುಳ ಸಂಕಟದ ಒಳಗೇ ಕೂತಿತ್ತು. ಸಂಗಮೇಶ್ವರನ ಕಾಕಾ ಶರಣಕುಮಾರ ಫೋನ್ ಮಾಡಿ, “ಹುಡುಗಗ ತಿಳಿಹೇಳೀವ್ರಿ ಅಯ್ಯನೋರೆ, ಇನ್ನೊಂದು ಸರ್ತಿ ಕೂಡಿಸ್ರಿ” ಎಂದಾಗ ಅವರು ಹೂಂ ಎಂದರು. ಹುಣ್ಣಿಮೆ ಕಳೆದ ಸೋಮವಾರ ಬಂದು ಕರೆದುಕೊಂಡು ಹೋಗುವುದೆಂದು ಮಾತಾಯಿತು. ಭಾಗ್ಯಜ್ಯೋತಿಯನ್ನು ಯಾರೂ ಕೇಳಲಿಲ್ಲ. ಅವಳು ಒಂದೇ ಕೈಯಲ್ಲಿ ಜೋಳದ ಹಿಟ್ಟು ನಾದುತ್ತ ಎಲ್ಲ ಕೇಳಿಸಿಕೊಂಡಳು.

ಮೊಮ್ಮಗಳದೇ ಚಿಂತೆಯಾಯಿತು. ಏನು ಕೇಳಿದರೂ ತಲೆ ಅಲ್ಲಾಡಿಸುವಳು, ಬಾಯಿ ಬಿಡಳು. ಒಮ್ಮೆ ಶಹಾಬಾದದಲ್ಲಿ ನೆಂಟರೊಬ್ಬರನ್ನು ಮಾತಾಡಿಸಲು ಹೋಗುವಾಗ ಅಯ್ಯನವರು ಅವಳನ್ನೂ ರೈಲಿನಲ್ಲಿ ಕರೆದುಕೊಂಡು ಹೋದರು. ಚಿತ್ತಾಪುರ ಬಂತು, ವಾಡಿ ಬಂತು, ಸಿಮೆಂಟ್ ಕಾರ್ಖಾನೆಯ ಹೊಗೆಯನ್ನು ತೋರಿಸಿದರು, ಅವಳು ತುಟಿ ಎರಡು ಮಾಡಲಿಲ್ಲ. ಶಹಾಬಾದದಲ್ಲಿ ಇಳಿದು ನಡೆಯುವಾಗ ಒಂದು ಅಂಗಡಿಯ ಮುಂದೆ ಅವಳ ಕಾಲು ನಿಂತಿತು. ಗಾಜಿನ ಪೆಟ್ಟಿಗೆಗಳ ತುಂಬ ಬಣ್ಣ ಬಣ್ಣದ ಮೀನು.

“ಮುತ್ಯಾ, ಇವು ಮಲಗ್ತಾವೇನು?” ಎಂದಳು.

ಅಜ್ಜ ಅಲ್ಲೇ ಬಗ್ಗಿ ಅವಳ ಮುಖ ನೋಡಿದರು. ಎಷ್ಟು ದಿನದ ಮೇಲೆ ಬಂದ ಮಾತು! ಆ ಗಳಿಗೆಯಲ್ಲಿ ಅವಳು ಇಡೀ ಅಂಗಡಿ ಕೇಳಿದ್ದರೂ ಕೊಡಿಸುತ್ತಿದ್ದರೋ ಏನೋ. ಅಂಗಡಿಯ ಮುಜೀಬ ಒಳ್ಳೆ ವ್ಯಾಪಾರಿ. ಮಾತೂ ಜಾಸ್ತಿ, ಚಹಾ ಕುಡಿಸುವುದೂ ಜಾಸ್ತಿ.

“ಮೊದಲ ಸರ್ತಿ ಸಾಕ್ಲಿಕತ್ತೀರಂದ್ರ ಮೋಲಿ, ಗಪ್ಪಿ ಒಯ್ರಿ ಸಾಹೇಬ್ರ. ನಮ್ಮ ಕಡಿ ನೀರು ಗಡಸು, ಕಲ್ಲಿನ ನೀರು. ಇವಕ್ಕ ಅದು ಹಿಡಸ್ತದ. ಎರಡೂ ಗರೀಬ್ ಜಾತಿ, ಒಂದಕ್ಕೊಂದು ತಂಟೆ ಇಲ್ಲ. ಮೀನ ತರೋದಂದ್ರ ಚೆಂದ ನೋಡಿ ತರೋದಲ್ರಿ, ಯಾವುದರ ಜೋಡಿ ಯಾವುದು ಬಾಳ್ತದ ಅಂತ ನೋಡಿ ತರಬೇಕು.”

“ಅದನ್ನ ನನಗ ಹೇಳ್ತೀಯೇನಪಾ,” ಎಂದು ಅಯ್ಯನವರು ನಕ್ಕರು. “ನನ್ನ ಇಡೀ ಜನ್ಮ ಅದೇ ಕೆಲಸದಾಗ ಹೋಗ್ಯದ.”

ಮೀನಿನ ಪೆಟ್ಟಿಗೆ ಮನೆಗೆ ಬಂದಾಗ ಮಹಾದೇವಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿರುಚಿದರು. “ಲಿಂಗ ಕಟ್ಟಿದವರ ಮನ್ಯಾಗ ಮೀನ ತಂದೀರಿ? ತಲಿಗಿಲಿ ಕೆಟ್ಟದೇನು ನಿಮಗ?” ತಿನ್ನುವುದಕ್ಕಲ್ಲ, ನೋಡುವುದಕ್ಕೆ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಮೀನಿಗೆ ಹಾಕುವ ಕಾಳು ಅಡಿಗೆಮನೆಯ ಹೊಸ್ತಿಲು ದಾಟಬಾರದು, ಮುಟ್ಟಿದವರು ಕೈ ತೊಳೆದೇ ಒಳಗೆ ಬರಬೇಕು ಎಂಬ ಕರಾರಿನ ಮೇಲೆ ಪೆಟ್ಟಿಗೆ ಪಡಸಾಲೆಯ ಕಲ್ಲಿನ ಗೂಡಿನಲ್ಲಿ ಕೂತಿತು. ವಾರ ಕಳೆಯುವುದರೊಳಗೆ ಅದೇ ಮಹಾದೇವಮ್ಮ, “ಇವಕ್ಕ ಮುಂಜಾನಿಂದ ಏನೂ ಹಾಕಿಲ್ಲಲ್ರಿ, ಪಾಪ” ಎಂದು ಗಂಡನನ್ನು ಬೈಯುವಂತಾದರು.

ಐಶ್ವರ್ಯಳ ಬಾಯಿಗೆ ಮಾತು ಬಂತು. ಕರಿ ಮೋಲಿಗೆ ‘ಕಾಡಿಗೆ’ ಎಂದೂ ಹಳದಿ ಗಪ್ಪಿಗೆ ‘ಅರಿಷಿಣ’ ಎಂದೂ ಹೆಸರಿಟ್ಟಳು. ಸದ್ಯಕ್ಕೆಂದು ಪೇಟೆಯ ಶಾಲೆಗೇ ಕೂಡಿಸಿದ್ದರು, ಅಲ್ಲಿಂದ ಬಂದವಳೇ ಚೀಲ ಎಸೆದು ಗೂಡಿನ ಮುಂದೆ ಕೂತು, ಟೀಚರು ಯಾರಿಗೆ ಬೈದರು, ಯಾರು ಯಾರ ರಬ್ಬರ್ ಕದ್ದರು, ಎಲ್ಲ ಅವಕ್ಕೆ ಒಪ್ಪಿಸುವಳು. ಭಾಗ್ಯಜ್ಯೋತಿ ಬಾಗಿಲಲ್ಲಿ ನಿಂತು ಅದನ್ನು ಕೇಳುತ್ತಿದ್ದಳು. ಒಂದು ಸಂಜೆ ಅವಳು ತಂದೆಯ ಹತ್ತಿರ ಬಂದು, “ಅಪ್ಪ, ಈ ವರ್ಷದ ಸಾಲಿ ಇಲ್ಲೇ ಮುಗಸ್ಲೇನ್ರಿ ಈಕಿದು?” ಎಂದು ಕೇಳಿದಳು.

“ಸೋಮವಾರ ಮಾತಾಗ್ಯದಲ್ಲ ಮಗಳೇ. ಕೊಟ್ಟ ಮಾತು ಹ್ಯಾಂಗ ತಪ್ಪಲಿ?”

“ನನಗ ಅಲ್ಲಿ ಅಂಜಿಕಿ ಬರ್ತದ್ರಿ.”

“ಎಲ್ಲಾರ ಮನ್ಯಾಗೂ ಇರೋದೇ. ಈ ಸರ್ತಿ ನಾ ಅವನಿಗಿ ಖಡಕ್ಕಾಗಿ ಹೇಳ್ತೀನಿ. ನೀನೂ ಸ್ವಲ್ಪ ಹೊಂದ್ಕೊಂಡು ಹೋಗು.”

ಅವಳು ಮತ್ತೆ ಕೇಳಲಿಲ್ಲ. ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳುವುದು ಆ ಮನೆಯ ಹೆಣ್ಣುಮಕ್ಕಳಿಗೆ ಅಭ್ಯಾಸವಿರಲಿಲ್ಲ.

ಇಷ್ಟಕ್ಕೆ ಬಿಟ್ಟಿದ್ದರೆ ಮೀನುಗಳಾದರೂ ಉಳಿಯುತ್ತಿದ್ದವು. ವಾಡಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಪಕ್ಕದ ಮನೆಯ ರಮೇಶಕುಮಾರ ಬಂದು ಗಾಜಿನ ಪೆಟ್ಟಿಗೆ ನೋಡಿ, “ಇವು ಹುಡುಗರ ಆಟದ ಮೀನ್ರಿ. ಹಣಿಮ್ಯಾಲ ಗುಬಟಿ ಹಾಂಗ ಉಬ್ಬಿರೋ ಕೆಂಪು ಮೀನ ಬರ್ತದ, ಫ್ಲವರ್‌ಹಾರ್ನ್ ಅಂತ. ವಾಡಿಯಾಗ ನಮ್ಮ ಸಾಹೇಬ್ರ ಮನ್ಯಾಗ ಅದ. ಅದು ಬಂದ ಮ್ಯಾಲ ಮನಿ ಕಿರಿಕಿರಿ ಎಲ್ಲಾ ಹೋಯ್ತಂತ” ಎಂದ. ಅಯ್ಯನವರಿಗೆ ಅದು ತಲೆಗೆ ಹತ್ತಿತು. ಸೋಮವಾರ ಹತ್ತಿರ ಬಂದಿತ್ತು. ಮಗಳ ಸಂಸಾರ ನೆಟ್ಟಗಾಗುವುದಾದರೆ ಒಂದು ಮೀನು ಏನು ಮಹಾ!

ಈ ಸಲ ಒಬ್ಬರೇ ಶಹಾಬಾದಕ್ಕೆ ಹೋದರು. ಫ್ಲವರ್‌ಹಾರ್ನ್ ಬೇರೆಯೇ ಒಂದು ಪೆಟ್ಟಿಗೆಯಲ್ಲಿತ್ತು, ಅಂಗೈಯಷ್ಟು ಅಗಲ. ಗಾಜಿಗೆ ಬೆರಳು ಹಚ್ಚಿದರೆ ಮುಖ ಮುಂದೆ ಮಾಡಿಕೊಂಡು ನುಗ್ಗಿ ಬರುತ್ತಿತ್ತು.

“ಇದು ಒಂಟಿ ಮೀನ್ರಿ ಸಾಹೇಬ್ರ,” ಎಂದ ಮುಜೀಬ. “ತನ್ನ ಜಾತಿ ಹೆಣ್ಣನ್ನೂ ಬಿಡಂಗಿಲ್ಲ, ಹೊಡದು ಹಾಕ್ತದ. ನಿಮ್ಮ ಮೋಲಿ ಗಪ್ಪಿ ಜೋಡಿ ಬಿಟ್ಟೀರಿ ಮತ್ತ! ಇದಕ್ಕಂತ ಬ್ಯಾರೆ ಪೆಟಿಗಿ ಅದ ಏನು?”

“ಅದ,” ಎಂದರು ಅಯ್ಯನವರು. ಇರಲಿಲ್ಲ. ಹಣೆಗೆ ವಿಭೂತಿ ಹಚ್ಚಿದ ಮನುಷ್ಯ ಮೀನಿನ ಅಂಗಡಿಯಲ್ಲಿ ನಿಂತು ಹಸಿ ಸುಳ್ಳು ಹೇಳಿದರು. ಯಾಕೆಂದರೆ ಮುಜೀಬನ ಮಾತು ಕೇಳುವಾಗಲೇ ಅವರ ತಲೆಯಲ್ಲಿ ಉಪಾಯ ತಯಾರಾಗಿತ್ತು. ಎಣ್ಣೆ ಸೀಗೆಕಾಯಿ ಹಾಗಿದ್ದ ಎಷ್ಟು ಜೋಡಿಗಳನ್ನು ಒಂದು ಮಾಡಿಲ್ಲ ನಾನು, ಅಂಗೈಯೊಳಗೆ ಹಿಡಿಯುವ ಜೀವ ಇವು, ಇವೇನು ಲೆಕ್ಕ ಎಂದು ದಾರಿಯುದ್ದಕ್ಕೂ ಅವರು ಮನಸ್ಸಿನಲ್ಲೇ ನಗುತ್ತಿದ್ದರು.

ಉಪಾಯ ಯಾವುದೆಂದು ಹೇಳಬೇಕೆ? ಪರದೆ. ಕಿಟಕಿಯ ಒಂದು ಗಾಜನ್ನು ಅಳತೆಗೆ ಕೊಯ್ಯಿಸಿಕೊಂಡು ಬಂದು ಪೆಟ್ಟಿಗೆಯ ನಡುವೆ ನಿಲ್ಲಿಸಿದರು. ಆ ಕಡೆ ಕೆಂಪು ಮೀನು, ಈ ಕಡೆ ಸಣ್ಣವು. ಒಂದನ್ನೊಂದು ನೋಡಲಿ, ಬಳಕೆಯಾಗಲಿ, ಸಿಟ್ಟು ಇಳಿಯಲಿ, ಆಮೇಲೆ ಗಾಜು ತೆಗೆದರಾಯಿತು. ಕೆಂಪು ಮೀನು ಬಂದ ದಿನವೆಲ್ಲ ಗಾಜಿಗೆ ಹಣೆ ಗುದ್ದಿತು. ಮರುದಿನವೂ ಗುದ್ದಿತು. ಆಮೇಲೆ ಗುದ್ದುವುದು ಕಡಿಮೆಯಾಯಿತು. ಗುದ್ದಿ ಸಾಕಾಗಿತ್ತೋ, ಸಿಟ್ಟು ಇಳಿದಿತ್ತೋ ಅದಕ್ಕೇ ಗೊತ್ತು. ಅಯ್ಯನವರು ಮಾತ್ರ ಇಳಿದಿದೆ ಎಂದು ತೀರ್ಮಾನ ಕೊಟ್ಟರು.

ಐಶ್ವರ್ಯ ಆ ಮೀನು ಬಂದ ದಿನವೇ ಮತ್ತೆ ಮೂಕಿಯಾದಳು. ಗೂಡಿನ ಮುಂದೆ ಕೂಡುತ್ತಿದ್ದಳು, ಆದರೆ ಶಾಲೆಯ ಸುದ್ದಿ ಹೇಳುತ್ತಿರಲಿಲ್ಲ. ಒಂದು ಮುಂಜಾನೆ ಪೂಜೆ ಮುಗಿಸಿ ಬರುತ್ತಿದ್ದ ಅಜ್ಜನಿಗೆ ಅವಳ ಪಿಸುಮಾತು ಕೇಳಿಸಿತು. ಗಾಜಿಗೆ ಬಾಯಿ ಹಚ್ಚಿ ಕಾಡಿಗೆಗೆ ಬುದ್ಧಿ ಹೇಳುತ್ತಿದ್ದಳು: “ಅಲುಗಾಡಬ್ಯಾಡ. ಅವನ ಕಡಿ ನೋಡಬ್ಯಾಡ. ಮೂಲ್ಯಾಗ ಸುಮ್ನ ಕುಂದ್ರು, ತಾನೇ ಹೋಗ್ತಾನ.”

ಹುಡುಗರ ಆಟ ಎಂದುಕೊಂಡು ಅಯ್ಯನವರು ಚಹಾ ಕುಡಿಯಲು ಹೋದರು. ಹಾಳು ಚಹಾ!

ಭಾನುವಾರ ಮಧ್ಯಾಹ್ನ, ಬೀಗರು ಬರುವುದಕ್ಕೆ ಒಂದು ದಿನ ಇರುವಾಗ, ಅಯ್ಯನವರು ತೋಳೇರಿಸಿ ಗಾಜು ಎಳೆದು ತೆಗೆದರು. ಕೆಂಪು ಮೀನು ಇದ್ದಲ್ಲೇ ಇತ್ತು. ಗಾಜು ಇದ್ದ ಜಾಗದ ತನಕ ನಿಧಾನ ಬಂತು, ನಿಂತಿತು, ತಿರುಗಿ ಹೋಯಿತು. ಇನ್ನೊಂದು ಸಲ ಬಂತು, ಹೋಯಿತು. ಸಣ್ಣವು ಎಂದಿನ ಹಾಗೆ ಓಡಾಡಿಕೊಂಡಿದ್ದವು.

“ಬಾ ಇಲ್ಲಿ, ನೋಡು,” ಎಂದು ಹೆಂಡತಿಯನ್ನು ಕರೆದರು. “ಹ್ಯಾಂಗ ಹೊಂದ್ಕೊಂಡಾವ ನೋಡು. ಅಂವ ಮುಜೀಬ ಏನೇನೋ ಅಂಜಿಸ್ಲಿಕತ್ತಿದ್ದ.” ಮಹಾದೇವಮ್ಮ ನೋಡಿ, “ಅಯ್ಯ, ಖರೇನ ಬಿಡ್ರಿ” ಎಂದರು. ಭಾಗ್ಯಜ್ಯೋತಿಯೂ ಬಂದು ನೋಡಿದಳು. ಒಳಗೆ ಹೋಗಿ ಟ್ರಂಕಿಗೆ ಸೀರೆ ಜೋಡಿಸುವುದನ್ನು ಮುಂದುವರಿಸಿದಳು. ಅಯ್ಯನವರಿಗೆ ಹಗುರವಾಯಿತು. ಇದೇ ಶಕುನ ಎಂದುಕೊಂಡು ಕಟ್ಟೆಯ ಮೇಲೆ ಅಡ್ಡಾದರು, ಕಣ್ಣು ಹತ್ತಿತು.

ಎದ್ದು ಒಳಗೆ ಬಂದಾಗ ಐಶ್ವರ್ಯ ಗೂಡಿನ ಮುಂದೆ ನಿಂತಿದ್ದಳು. ಎರಡೂ ಕೈ ಮೈಗೆ ಅಂಟಿಸಿಕೊಂಡು, ಉಸಿರು ಹಿಡಿದು. ಅಯ್ಯನವರು ಅವಳ ತಲೆಯ ಮೇಲಿಂದ ಬಗ್ಗಿ ನೋಡಿದರು. ಅರಿಷಿಣ ಇರಲೇ ಇಲ್ಲ. ಹಳದಿ ಬಾಲದ ಒಂದು ಚೂರು ನೀರಿನಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಬೇರೆ ಮೋಲಿಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಕಾಡಿಗೆ ಗಾಳಿಯ ಕೊಳವೆಯ ಹಿಂದೆ, ಮೂಲೆಯಲ್ಲಿ ಅವಿತುಕೊಂಡಿತ್ತು. ಬಾಲವಿಲ್ಲ, ಒಂದು ಕಣ್ಣಿಲ್ಲ, ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು. ಕೆಂಪು ಮೀನು ಬಂದು ಅದರ ಹೊಟ್ಟೆಗೆ ಒಂದು ಗುದ್ದು ಕೊಟ್ಟು, ಸಾವಕಾಶ ತಿರುಗಿ ಹೋಯಿತು.

“ಅಯ್ಯಯ್ಯೋ! ನೀ ನೋಡ್ಕೋತ ನಿಂತಿದ್ದಿಯೇನ ಕೂಸೇ? ನನಗ್ಯಾಕ ಕರೀಲಿಲ್ಲ?”

“ಕರದ್ರ ಇನ್ನಾ ಸಿಟ್ಟ ಬರ್ತದ ಮುತ್ಯಾ.”

“ಯಾರಿಗಿ? ಮೀನಿಗೇನು?”

ಹುಡುಗಿ ಅಜ್ಜನ ಮುಖ ನೋಡಿದಳು. ಇಷ್ಟೂ ಗೊತ್ತಿಲ್ಲವೇ ಈ ಮುದುಕನಿಗೆ ಎಂಬ ನೋಟ ಅದು. “ಅಪ್ಪಗ. ಒಂದು ದಿನ ನಾ ಬಾಜೂಕಿನ ಆಂಟಿಗಿ ಕರದೆ. ಆಂಟಿ ಬಂದ್ಲು, ಅಪ್ಪ ನಕ್ಕೋತ ಮಾತಾಡ್ದ. ಆಂಟಿ ಹೋದ ಮ್ಯಾಲ ಅವ್ವನ ಕೈ ಬಾಗಲಾಗ ಇಟ್ಟು ಬಾಗಲಾ ಹಾಕ್ದ. ನಾ ಕರದಿದ್ಕ.”

ಅಯ್ಯನವರು ಅವಳ ಎದುರು ನೆಲದ ಮೇಲೆ ಕೂತರು. ಕೈ ಮುರಿದದ್ದು ಗೊತ್ತಿತ್ತು. ಹೇಗೆ ಮುರಿಯಿತು ಎಂದು ಅವರು ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದೀತು ಎಂದು ಕೇಳಿರಲಿಲ್ಲ. ಈ ಮಗು ಅಷ್ಟು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡದ್ದು ಯಾಕೆಂದು ಈಗ ತಿಳಿಯಿತು. ತಮ್ಮ ಪಡಸಾಲೆಯಿಂದ ಉಡಿ ತುಂಬಿಸಿಕೊಂಡು ಹೋದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ನೆನಪಾದರು. ಆಡಕಿಯವಳು, ಕೊಡ್ಲಿಯವಳು, ಚಿತ್ತಾಪುರದ ಆ ಎಳೆ ಹುಡುಗಿ. ಹೋಗುವಾಗ ಹಿಂದಿರುಗಿ ನೋಡಿದವರು ಎಷ್ಟು ಜನ, ಏನು ಹೇಳಬೇಕೆಂದು ನೋಡಿದ್ದರು? ಅವರು ಯಾರೂ ಮರಳಿ ಬಂದಿರಲಿಲ್ಲ, ಇದ್ದಾರೋ ಇಲ್ಲವೋ ಎಂದು ಇವರೂ ಕೇಳಲು ಹೋಗಿರಲಿಲ್ಲ.

ಗಾಜನ್ನು ಮತ್ತೆ ನಡುವೆ ನಿಲ್ಲಿಸಿದರೂ ಸೂರ್ಯ ಮುಳುಗುವುದರೊಳಗೆ ಕಾಡಿಗೆಯೂ ಸತ್ತಿತು. ಅಯ್ಯನವರು ಸತ್ತವನ್ನೆಲ್ಲ ಕೈಯಿಂದಲೇ ತೆಗೆದು ಹಿತ್ತಿಲಲ್ಲಿ ಮಣ್ಣು ಮಾಡಿದರು. ಮಗಳನ್ನು ಕಳಿಸುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರು. ಆದರೆ ಮಗಳಿಗೆ ಹೇಳಲಿಲ್ಲ. ಎಲ್ಲರ ಎದುರಿಗೆ ಹೇಳಬೇಕು, ಆಗ ಅವಳ ಮುಖ ಅರಳುವುದನ್ನು ನೋಡಬೇಕು ಎಂಬ ಆಸೆ. ದೊಡ್ಡಸ್ತಿಕೆ ಅಂಥಾ ಹೊತ್ತಿನಲ್ಲೂ ಮನುಷ್ಯನನ್ನು ಬಿಡುವುದಿಲ್ಲ ನೋಡಿ. ಒಂದು ಮಾತು ಹೇಳಿದ್ದರೆ ಆ ಹೆಣ್ಣುಮಗಳು ಒಂದು ರಾತ್ರಿಯಾದರೂ ನಿದ್ದೆ ಮಾಡುತ್ತಿದ್ದಳು.

ಸೋಮವಾರ ಮುಂಜಾನೆ ಚಂದಾಪುರದ ಜೀಪು ಬಂತು. ಸಂಗಮೇಶ್ವರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಮಾವನ ಕಾಲು ಮುಟ್ಟಿದ. ಶರಣಕುಮಾರ, ಅವರ ಜೊತೆ ಬಂದ ಇಬ್ಬರು ಹಿರಿಯರು ಚಾಪೆಯ ಮೇಲೆ ಕೂತರು. ಮಹಾದೇವಮ್ಮ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಬಟ್ಟೆ ತಂದಿಟ್ಟರು. ಭಾಗ್ಯಜ್ಯೋತಿ ಹಸಿರು ಸೀರೆ ಉಟ್ಟು, ಟ್ರಂಕು ಹತ್ತಿರ ಇಟ್ಟುಕೊಂಡು, ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಐಶ್ವರ್ಯ ಅವಳ ಹಿಂದೆ.

“ನಾ ಮಗಳನ್ನ ಕಳಸಾಂಗಿಲ್ಲ,” ಎಂದರು ರೇವಣಸಿದ್ದಯ್ಯನವರು.

ಶರಣಕುಮಾರ ಮೊದಲು ಇದು ಚೇಷ್ಟೆ ಎಂದುಕೊಂಡು ನಕ್ಕ, ಆಮೇಲೆ ನಗು ಇಳಿಯಿತು. “ಏನ್ ಮಾತಾಡ್ಲಿಕತ್ತೀರಿ ಅಯ್ಯನೋರೆ? ಮಾತು ಕೊಟ್ಟವರು ನೀವೇ ಅಲ್ಲೇನ್ರಿ?”

“ಕೊಟ್ಟಿದ್ದೆ. ತಪ್ಪಿ ಕೊಟ್ಟಿದ್ದೆ. ನಿಮ್ಮ ಹುಡುಗ ನನ್ನ ಮಗಳ ಕೈ ಮುರದಾನ.”

ಸಂಗಮೇಶ್ವರ ತಲೆ ತಗ್ಗಿಸಿಕೊಂಡು ಮೆತ್ತಗೆ ಅಂದ, “ಅದು ನಿಮಗ ಅವತ್ತೇ ಗೊತ್ತಿತ್ತಲ್ರಿ ಮಾವ. ಪ್ಲಾಸ್ಟರ್ ನೋಡೇ ನೀವು ಸೋಮವಾರ ಬರ್ರಿ ಅಂದ್ರಿ.”

“ಅದೇ ನಾ ಕೇಳೋದು,” ಎಂದ ಶರಣಕುಮಾರ. “ಅಂದು ಹೂಂ ಅಂದವರು ಇಂದು ಒಲ್ಲೆ ಅಂತೀರಿ. ನಡುವ ಹೊಸದೇನಾಗ್ಯದ? ನಾಕು ಮಂದಿ ಮುಂದ ಹೇಳ್ರಿ. ಹೊಸದೇನಾಗ್ಯದ?”

ಊರಿನ ಬಾಯಿ ಮುಚ್ಚಿಸಿದ ಮನುಷ್ಯ ಹೊಸದೇನೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತುಟಿ ಒಡೆದದ್ದು ಹಳೆಯದು. ಬೆನ್ನು ಹಳೆಯದು. ಕೈ ಹಳೆಯದು. ಮಗಳ ಕಡೆ ನೋಡಿದರು, ಅವಳಾದರೂ ಏನಾದರೂ ಹೇಳಿ ತಮ್ಮನ್ನು ಉಳಿಸಲಿ ಎಂದು.

ಭಾಗ್ಯಜ್ಯೋತಿ ಬಾಗಿಲು ಬಿಟ್ಟು ಬಂದು ಶರಣಕುಮಾರನ ಎದುರು ನಿಂತಳು. ಅವಳ ಮುಖ ಅರಳಿರಲಿಲ್ಲ. ತವರಿನಲ್ಲಿ ಗಂಡಸರು ಕೂತ ಚಾಪೆಯ ಎದುರು ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

“ಹೊಸದೇನೂ ಆಗಿಲ್ರಿ ಮಾವನೋರೆ. ನಿನ್ನಿ ನಮ್ಮನ್ಯಾಗ ಮೀನ ಸತ್ತಾವ. ಅಪ್ಪಗ ಅದನ್ನ ನೋಡಿ ತಿಳೀತು. ನನ್ನ ನೋಡಿದಾಗ ತಿಳದಿರ್ಲಿಲ್ಲ.”

ಅವಳು ಮಗಳ ಕೈ ಹಿಡಿದು ಒಳಗೆ ಹೋದಳು. ರೇವಣಸಿದ್ದಯ್ಯನವರು ಬೀಗರ ಎದುರು ಹಾಗೇ ಕೂತಿದ್ದರು, ಮಗಳ ಹಿಂದೆ ಎದ್ದು ಹೋಗುವ ಮುಖ ಅವರಿಗೆ ಉಳಿದಿರಲಿಲ್ಲ.